ಇನ್ಸ್‌ಪೆಕ್ಟರ್ ಬಾಗಿಲು ದಾಟಿದ ಮೇಲೆ

ಪ್ರಶ್ನೆ: ನಾವು ಮೈಸೂರಿನವರು. ಈಗ ಇಂಗ್ಲೆಂಡಿನ ಲೀಡ್ಸ್ ಹತ್ತಿರ ಇದ್ದೇವೆ. ಮಗಳು ಜಿಸಿಎಸ್‌ಇ ಎಂಬ ಇಲ್ಲಿನ ಹೈಸ್ಕೂಲ್ ಪರೀಕ್ಷೆಗೆ ಜೆ. ಬಿ. ಪ್ರೀಸ್ಟ್ಲಿಯ ‘ಆನ್ ಇನ್ಸ್‌ಪೆಕ್ಟರ್ ಕಾಲ್ಸ್’ ನಾಟಕ ಓದುತ್ತಿದ್ದಾಳೆ. ಇದೊಂದು ನೀತಿನಾಟಕ, ಪಾತ್ರಗಳ ಮೂಲಕ ಸಾಮಾಜಿಕ ಹೊಣೆಗಾರಿಕೆಯನ್ನು ಹೇಗೆ ತೋರಿಸಿದ್ದಾನೆ ಅಂತ ಬರೆಯಲು ಶಾಲೆಯಲ್ಲಿ ಹೇಳಿದ್ದಾರೆ. ಅವಳ ಜೊತೆ ನಾನೂ ಓದಿದೆ. ನನಗೇಕೋ ಇನ್ಸ್‌ಪೆಕ್ಟರ್ ಭಾಷಣ ಮಾಡಲಿಕ್ಕೇ ಬಂದ ಹಾಗೆ ಕಂಡಿತು. ಶ್ರೀಮಂತರು ಕೆಟ್ಟವರು, ಬಡ ಹುಡುಗಿ ಒಳ್ಳೆಯವಳು. ಇಷ್ಟೇನಾ? ಮಗಳು ಯಾವ ಪಾತ್ರ ಹಿಡಿದು ಬರೆದರೆ ಒಳ್ಳೆಯದು?

ಉತ್ತರ: ನಿಮ್ಮ ಗುಮಾನಿ ಅರ್ಧ ಸರಿ. ಇನ್ಸ್‌ಪೆಕ್ಟರ್ ಗೂಲ್ ಹೊರಡುವ ಮುಂಚೆ ಆಡುವ ಆ ಮಾತು ಭಾಷಣವೇ. ನಾವು ಯಾರೂ ಒಂಟಿಯಾಗಿ ಬದುಕುವುದಿಲ್ಲ, ಒಬ್ಬರಿಗೊಬ್ಬರು ಹೊಣೆ, ಈ ಪಾಠ ಕಲಿಯದಿದ್ದರೆ ಬೆಂಕಿ, ರಕ್ತ, ಸಂಕಟದಲ್ಲಿ ಕಲಿಯಬೇಕಾಗುತ್ತದೆ ಅಂತ ಹೇಳಿ ಹೊರಟುಬಿಡುತ್ತಾನೆ. ಪರೀಕ್ಷೆ ಬರೆಯುವ ಮಕ್ಕಳು ಆ ಸಾಲುಗಳನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ನಾಟಕ ಅಲ್ಲಿಗೆ ಮುಗಿಯುವುದಿಲ್ಲ ನೋಡಿ. ಅವನು ಹೋದ ಮೇಲೂ ಮೂರನೇ ಅಂಕ ಸಾಕಷ್ಟು ಬಾಕಿ ಇರುತ್ತದೆ. ಬರೀ ಉಪದೇಶ ಬೇಕಿದ್ದರೆ ಪ್ರೀಸ್ಟ್ಲಿ ಅಲ್ಲೇ ಪರದೆ ಎಳೆಯಬಹುದಿತ್ತು. ಎಳೆಯಲಿಲ್ಲ. ಕೇಳುವವನು ಹೋದ ಮೇಲೆ ಈ ಮನೆಯವರು ಏನು ಮಾಡುತ್ತಾರೆ ಅಂತ ನೋಡಲು ನಮ್ಮನ್ನು ಕೂರಿಸಿಕೊಂಡ. ಹೊಣೆಗಾರಿಕೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ನನ್ನ ಪ್ರಕಾರ ಇಡೀ ನಾಟಕವನ್ನು ಆ ಕೊನೆಯ ಭಾಗದಿಂದ ಹಿಂದಕ್ಕೆ ಓದಬೇಕು.

ನಾಟಕ ಓದದವರೂ ಇರುತ್ತಾರೆ, ಅವರಿಗಾಗಿ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1912ರ ವಸಂತಕಾಲದ ಒಂದು ರಾತ್ರಿ. ಬ್ರಮ್ಲಿ ಎಂಬ ಕಲ್ಪಿತ ಕೈಗಾರಿಕಾ ಊರು. ಕಾರ್ಖಾನೆ ಮಾಲೀಕ ಆರ್ಥರ್ ಬರ್ಲಿಂಗ್ ಮನೆಯಲ್ಲಿ ಮಗಳು ಶೀಲಾಳ ನಿಶ್ಚಿತಾರ್ಥದ ಊಟ. ಹುಡುಗ ಜೆರಾಲ್ಡ್ ಕ್ರಾಫ್ಟ್, ಇನ್ನೂ ದೊಡ್ಡ ಕಂಪನಿಯವರ ಮಗ. ಜೊತೆಗೆ ಬರ್ಲಿಂಗ್‌ನ ಹೆಂಡತಿ ಸಿಬಿಲ್, ಮಗ ಎರಿಕ್. ಊಟ ಮುಗಿದು ವೈನ್ ಕುಡಿಯುವ ಹೊತ್ತಿಗೆ ಇನ್ಸ್‌ಪೆಕ್ಟರ್ ಗೂಲ್ ಬರುತ್ತಾನೆ. ಇವಾ ಸ್ಮಿತ್ ಎಂಬ ಹುಡುಗಿ ಫಿನಾಯಿಲಿನಂಥ ಕ್ರಿಮಿನಾಶಕ ಕುಡಿದು ಆಸ್ಪತ್ರೆಯಲ್ಲಿ ಸತ್ತಿದ್ದಾಳೆ ಅನ್ನುತ್ತಾನೆ. ಒಬ್ಬೊಬ್ಬರನ್ನೇ ವಿಚಾರಿಸುತ್ತಾ ಹೋದಂತೆ ಐದೂ ಜನ ಅವಳ ಬದುಕಿನಲ್ಲಿ ಕೈಯಾಡಿಸಿದ್ದು ಹೊರಗೆ ಬರುತ್ತದೆ. ಅವನು ಹೋದ ಮೇಲೆ, ಅವನು ಪೊಲೀಸೇ ಅಲ್ಲ ಅಂತ ಗೊತ್ತಾಗುತ್ತದೆ. ಆಸ್ಪತ್ರೆಗೆ ಫೋನ್ ಮಾಡಿದರೆ ಅಂಥ ಸಾವೇ ಆಗಿಲ್ಲ. ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಫೋನ್ ಬಾರಿಸುತ್ತದೆ. ಒಬ್ಬ ಹುಡುಗಿ ಕ್ರಿಮಿನಾಶಕ ಕುಡಿದು ಈಗಷ್ಟೇ ಸತ್ತಳಂತೆ. ವಿಚಾರಣೆಗೆ ಒಬ್ಬ ಇನ್ಸ್‌ಪೆಕ್ಟರ್ ಇವರ ಮನೆಗೆ ಬರುತ್ತಿದ್ದಾನಂತೆ.

ಈಗ ನೀತಿನಾಟಕದ ವಿಚಾರ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪಾಪ–ಪುಣ್ಯದ ಪಾಠ ಹೇಳುವ ಇಂಥ ನಾಟಕಗಳು ತುಂಬಾ ಜನಪ್ರಿಯವಾಗಿದ್ದವು. ಹೆಚ್ಚು ಹೆಸರಾದದ್ದು ಹದಿನೈದನೇ ಶತಮಾನದ ಕೊನೆಯ ಹೊತ್ತಿನ ‘ಎವ್ರಿಮ್ಯಾನ್’. ಅದರಲ್ಲಿ ಪಾತ್ರಗಳಿಗೆ ಮನುಷ್ಯರ ಹೆಸರಿಲ್ಲ. ನಾಯಕನೇ ಎವ್ರಿಮ್ಯಾನ್, ಅಂದರೆ ‘ಪ್ರತಿಯೊಬ್ಬ’. ಸಾವು ಬಂದು ಅವನನ್ನು ಕರೆಯುತ್ತದೆ, ದೇವರಿಗೆ ಲೆಕ್ಕ ಒಪ್ಪಿಸು ನಡಿ ಅನ್ನುತ್ತದೆ. ಅವನು ಜೊತೆಗೆ ಬನ್ನಿ ಅಂತ ಒಬ್ಬೊಬ್ಬರನ್ನೇ ಬೇಡುತ್ತಾನೆ. ಗೆಳೆತನ ಎಂಬ ಪಾತ್ರ, ತಿನ್ನಲು, ಕುಡಿಯಲು, ಬೇಕಾದರೆ ಕೊಲೆಗೂ ಬರುತ್ತೇನೆ, ಈ ದಾರಿಗೆ ಮಾತ್ರ ಬರಲಾರೆ ಅನ್ನುತ್ತದೆ. ಸೋದರಸಂಬಂಧಿ ಕಾಲ್ಬೆರಳು ಹಿಡಿದುಕೊಂಡಿದೆ ಅಂತ ನೆಪ ಹೇಳುತ್ತಾನೆ. ಐದು ನೂರು ವರ್ಷದ ಹಿಂದಿನ ನೆಪ ಇವತ್ತಿಗೂ ಹೊಸದಾಗಿದೆ ಅಲ್ವಾ? ಸಂಪತ್ತು ಪೆಟ್ಟಿಗೆಯಲ್ಲಿ ಬಿದ್ದುಕೊಂಡೇ ಬರಲಾರೆ ಅಂದುಬಿಡುತ್ತದೆ. ಕೊನೆಗೆ ಗೋರಿಯೊಳಗೆ ಇಳಿಯುವುದು ಅವನು ಮಾಡಿದ ಸತ್ಕಾರ್ಯ ಮಾತ್ರ.

ಪ್ರೀಸ್ಟ್ಲಿ ಈ ಹಳೆಯ ಅಚ್ಚನ್ನು ಹಾಗೇ ಎತ್ತಿಕೊಂಡಿದ್ದಾನೆ. ಕರೆಯದೆ ಬಂದು ಲೆಕ್ಕ ಕೇಳುವವನು ಇದ್ದಾನೆ. ತಪ್ಪು ಒಪ್ಪಿಕೊಳ್ಳುವುದು ಇದೆ, ಪಶ್ಚಾತ್ತಾಪಕ್ಕೆ ಅವಕಾಶ ಇದೆ. ನಾವೆಲ್ಲ ಒಂದೇ ದೇಹದ ಅಂಗಗಳು ಅಂತ ಇನ್ಸ್‌ಪೆಕ್ಟರ್ ಹೇಳುವ ಮಾತು ಬೈಬಲ್ಲಿನ ಮಾತನ್ನೇ ನೆನಪಿಸುತ್ತದೆ. ಆದರೆ ಒಂದು ಕಡೆ ಅವನು ಅಚ್ಚನ್ನು ಮುರಿದಿದ್ದಾನೆ. ಹಳೆಯ ನಾಟಕದಲ್ಲಿ ಲೆಕ್ಕದ ಪುಸ್ತಕ ಒಬ್ಬನದೇ. ನನ್ನ ಪಾಪ, ನನ್ನ ಪುಣ್ಯ, ನನ್ನ ಮೋಕ್ಷ. ಎವ್ರಿಮ್ಯಾನ್ ಸಾಯುವ ಮುಂಚೆ ಅರ್ಧ ಆಸ್ತಿಯನ್ನು ದಾನಕ್ಕೆ ಬಿಡುತ್ತಾನೆ. ಬಡವರು ಆ ಕಥೆಯಲ್ಲಿ ಬರುವುದು ದಾನ ತೆಗೆದುಕೊಳ್ಳುವವರಾಗಿ ಮಾತ್ರ. ಅವರು ಯಾಕೆ ಬಡವರಾದರು ಅಂತ ಯಾರೂ ಕೇಳುವುದಿಲ್ಲ. ಪ್ರೀಸ್ಟ್ಲಿ ಕೇಳುವುದು ಅದನ್ನೇ. ಅವನ ನಾಟಕದಲ್ಲಿ ದಾನವೇ ಕಟಕಟೆಗೆ ಬಂದು ನಿಲ್ಲುತ್ತದೆ. ಸಿಬಿಲ್ ಬರ್ಲಿಂಗ್ ಕಷ್ಟದಲ್ಲಿರುವ ಹೆಂಗಸರಿಗೆ ನೆರವು ಕೊಡುವ ಒಂದು ಧರ್ಮಸಂಸ್ಥೆಯ ಪ್ರಮುಖ ಸದಸ್ಯೆ ಅನ್ನುವುದನ್ನು ಮರೆಯಬೇಡಿ.

ಅವನಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ತಿಳಿಯಲು ನೀವು ದೂರ ಹೋಗಬೇಕಿಲ್ಲ. ಲೀಡ್ಸ್ ಪಕ್ಕದ ಬ್ರಾಡ್‌ಫರ್ಡ್ ಅವನ ಊರು. 1894ರಲ್ಲಿ ಅಲ್ಲೇ ಹುಟ್ಟಿದ. ಆಗ ಅದು ಉಣ್ಣೆ ವ್ಯಾಪಾರದ ದೊಡ್ಡ ಪೇಟೆ. ಅವನು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ, 1890–91ರ ಚಳಿಗಾಲದಲ್ಲಿ, ಕೂಲಿ ಕಡಿತದ ವಿರುದ್ಧ ಮ್ಯಾನಿಂಗ್‌ಹ್ಯಾಮ್ ಗಿರಣಿಯಲ್ಲಿ ಭಾರೀ ಮುಷ್ಕರ ನಡೆದಿತ್ತು. 1893ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಎಂಬ ಕಾರ್ಮಿಕರ ಪಕ್ಷ ಹುಟ್ಟಿದ್ದೂ ಅದೇ ಊರಲ್ಲಿ. ಅಪ್ಪ ಶಾಲಾ ಮೇಷ್ಟ್ರು, ಸಮಾಜವಾದಿ. ಹುಡುಗ ಪ್ರೀಸ್ಟ್ಲಿ 1910ರಿಂದ 1914ರವರೆಗೆ ಒಂದು ಉಣ್ಣೆ ಕಂಪನಿಯಲ್ಲಿ ಗುಮಾಸ್ತ. ಅಂದರೆ ನಾಟಕ ನಡೆಯುವ 1912ರಲ್ಲಿ ಅವನಿಗೆ ಹದಿನೇಳು ವರ್ಷ. ಬರ್ಲಿಂಗ್‌ನಂಥ ಯಜಮಾನರನ್ನು ಅವನು ಪುಸ್ತಕದಲ್ಲಿ ಹುಡುಕಬೇಕಾಗಿರಲಿಲ್ಲ. ಆಮೇಲೆ ಮೊದಲ ಮಹಾಯುದ್ಧಕ್ಕೆ ಹೋದ, ಗಾಯಗೊಂಡ, ವಿಷಾನಿಲ ಕುಡಿದ. ಎರಡನೇ ಯುದ್ಧದಲ್ಲಿ, 1940ರಲ್ಲಿ, ಬಿಬಿಸಿ ರೇಡಿಯೋದಲ್ಲಿ ಭಾನುವಾರ ರಾತ್ರಿ ಮಾತಾಡುತ್ತಿದ್ದ. ಯುದ್ಧ ಮುಗಿದ ಮೇಲೆ ಹಳೆಯ ಇಂಗ್ಲೆಂಡಿಗೆ ವಾಪಸ್ ಹೋಗಬಾರದು, ಬೇರೆ ದೇಶ ಕಟ್ಟಬೇಕು ಅನ್ನುವುದು ಆ ಮಾತುಗಳ ಒಳಗಿನ ಹಟ.

ನಾಟಕ ಬರೆದದ್ದು 1944–45ರ ಚಳಿಗಾಲದಲ್ಲಿ. ಲಂಡನ್‌ನಲ್ಲಿ ಥಿಯೇಟರ್ ಸಿಗಲಿಲ್ಲ. ಹಾಗಾಗಿ ಮೊದಲು ಆಡಿದ್ದು 1945ರಲ್ಲಿ ರಷ್ಯಾದಲ್ಲಿ, ಮಾಸ್ಕೋ ಮತ್ತು ಲೆನಿನ್‌ಗ್ರಾಡ್‌ನಲ್ಲಿ. ಲಂಡನ್‌ಗೆ ಬಂದದ್ದು 1946ರ ಅಕ್ಟೋಬರ್‌ನಲ್ಲಿ. ರಾಲ್ಫ್ ರಿಚರ್ಡ್‌ಸನ್ ಇನ್ಸ್‌ಪೆಕ್ಟರ್, ಅಲೆಕ್ ಗಿನ್ನೆಸ್ ಎರಿಕ್. ಅಷ್ಟರಲ್ಲಿ 1945ರ ಚುನಾವಣೆಯಲ್ಲಿ ಲೇಬರ್ ಪಕ್ಷ ದೊಡ್ಡ ಬಹುಮತದಿಂದ ಗೆದ್ದಿತ್ತು. ಈ ತಾರೀಖುಗಳು ಯಾಕೆ ಮುಖ್ಯ ಅಂದರೆ, ಮೊದಲ ಅಂಕದಲ್ಲಿ ಬರ್ಲಿಂಗ್ ಕೊಚ್ಚಿಕೊಳ್ಳುವುದನ್ನು ಆ ಪ್ರೇಕ್ಷಕರ ಕಿವಿಯಿಂದ ಕೇಳಬೇಕು. ಯುದ್ಧ ಆಗುವುದೇ ಇಲ್ಲ ಅನ್ನುತ್ತಾನೆ. ಮುಂದಿನ ವಾರ ಹೊರಡುವ ಟೈಟಾನಿಕ್ ಮುಳುಗುವುದೇ ಇಲ್ಲ ಅನ್ನುತ್ತಾನೆ. 1940ರ ಹೊತ್ತಿಗೆ ಮಾಲೀಕ–ಕಾರ್ಮಿಕ ಜಗಳ ಎಲ್ಲ ಮರೆತುಹೋಗಿರುತ್ತದೆ ಅನ್ನುತ್ತಾನೆ. ಎರಡು ಯುದ್ಧ ಕಂಡ ಜನ ಇದನ್ನು ಕೇಳಿ ನಕ್ಕಿರಬೇಕು. ಆದರೆ ಇಲ್ಲಿ ಬರೀ ಗೇಲಿ ಇಲ್ಲ. ಇಷ್ಟು ತಪ್ಪು ಹೇಳುವವನು ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳುತ್ತಾನೆ. ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳಬೇಕು ಅನ್ನುವುದು ಹುಚ್ಚು, ಮನುಷ್ಯ ತನ್ನ ಕೆಲಸ ನೋಡಿಕೊಂಡು ತನ್ನವರನ್ನು ಸಾಕಿಕೊಂಡರೆ ಸಾಕು ಅಂತ. ಹಡಗಿನ ವಿಷಯದಲ್ಲಿ, ಯುದ್ಧದ ವಿಷಯದಲ್ಲಿ ತಪ್ಪಿದವನ ಈ ಮಾತು ಮಾತ್ರ ಸರಿ ಅಂತ ಹೇಗೆ ನಂಬುವುದು? ಆ ಮಾತು ಮುಗಿಯುವ ಮುನ್ನವೇ ಬಾಗಿಲ ಗಂಟೆ ಹೊಡೆಯುತ್ತದೆ. ತಂತ್ರ ಸ್ವಲ್ಪ ಒರಟು ಅಂತ ಒಪ್ಪುತ್ತೇನೆ. ರಂಗದ ಮೇಲೆ ಮಾತ್ರ ಪ್ರತಿ ಸಲ ಕೆಲಸ ಮಾಡುತ್ತದೆ.

ನೀವು ಕೇಳಿದ ಮುಖ್ಯ ಸಂಗತಿಗೆ ಬರೋಣ, ಪಾತ್ರಗಳು. ಬರ್ಲಿಂಗ್ ಲೋಭ, ಸಿಬಿಲ್ ಅಹಂಕಾರ, ಶೀಲಾ ಹೊಟ್ಟೆಕಿಚ್ಚು, ಜೆರಾಲ್ಡ್ ಕಾಮ ಅಂತ ಒಬ್ಬೊಬ್ಬರಿಗೆ ಒಂದೊಂದು ಪಾಪದ ಚೀಟಿ ಅಂಟಿಸುವ ಗೈಡುಗಳು ಬೇಕಾದಷ್ಟು ಸಿಗುತ್ತವೆ. ಅಂಕಕ್ಕೆ ಒಂದು ವಾಕ್ಯ ಬರೆದರೆ ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತರೆ ನಾಟಕ ಸಣ್ಣದಾಗುತ್ತದೆ. ಪ್ರೀಸ್ಟ್ಲಿಗೆ ಬೇಕಾಗಿರುವುದು ಐದು ಪಾಪಗಳಲ್ಲ. ಐದು ಬಗೆಯ ಅಧಿಕಾರ ಅವನ ಕಣ್ಣಲ್ಲಿದೆ. ಮಾಲೀಕನ ಅಧಿಕಾರ, ಗಿರಾಕಿಯ ಅಧಿಕಾರ, ಆಶ್ರಯ ಕೊಡುವವನ ಅಧಿಕಾರ, ದಾನ ಕೊಡುವವಳ ಅಧಿಕಾರ, ಕುಡಿದ ಗಂಡಸಿನ ಬಲ. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಒಂದೇ ಹುಡುಗಿಯ ಮೇಲೆ ಚಲಾಯಿಸಿದರು. ಎರಿಕ್ ಒಬ್ಬನನ್ನು ಬಿಟ್ಟರೆ ಉಳಿದವರು ಮಾಡಿದ್ದು ಯಾವುದೂ ಕಾನೂನಿನ ಪ್ರಕಾರ ಅಪರಾಧ ಅಲ್ಲ. ನಾಟಕ ಕಚ್ಚುವುದು ಇಲ್ಲೇ.

ಬರ್ಲಿಂಗ್‌ನ ಪ್ರಕರಣ ನೋಡಿ. ಅವನ ಕಾರ್ಖಾನೆಯ ಹುಡುಗಿಯರಿಗೆ ವಾರಕ್ಕೆ ಇಪ್ಪತ್ತೆರಡೂವರೆ ಶಿಲಿಂಗ್. ಇಪ್ಪತ್ತೈದು ಕೊಡಿ ಅಂದರು. ಇವನು ಒಪ್ಪಲಿಲ್ಲ, ಕೂಲಿ ಖರ್ಚು ಶೇಕಡಾ 12ರಷ್ಟು ಏರುತ್ತದೆ ಅಂದ. ಒಂದೆರಡು ವಾರ ಮುಷ್ಕರ ನಡೆದು ಸೋತಿತು. ಮುಂದೆ ನಿಂತ ನಾಲ್ಕೈದು ಜನರನ್ನು ಕೆಲಸದಿಂದ ತೆಗೆದ. ಅದರಲ್ಲಿ ಇವಾ ಒಬ್ಬಳು. ಅವಳು ಒಳ್ಳೆ ಕೆಲಸಗಾರ್ತಿ, ಬಡ್ತಿ ಕೊಡುವವರಿದ್ದರು ಅಂತ ಅವನೇ ಹೇಳುತ್ತಾನೆ. ಬೇರೆ ಕಡೆ ಕೆಲಸ ಹುಡುಕಿಕೊಳ್ಳಲಿ, ಇದು ಸ್ವತಂತ್ರ ದೇಶ ಅನ್ನುವುದು ಅವನ ವಾದ. ಕೆಲಸ ಸಿಗದಿದ್ದರೆ ಎಂಥ ಸ್ವಾತಂತ್ರ್ಯ ಅಂತ ಮಗನೇ ತಿರುಗಿ ಕೇಳುತ್ತಾನೆ. ಪೊಲೀಸ್ ಮುಖ್ಯಸ್ಥ ನನ್ನ ಜೊತೆ ಗಾಲ್ಫ್ ಆಡುವವನು ಅಂತಲೂ ಬರ್ಲಿಂಗ್ ಒಂದು ಸಲ ಎಸೆದು ನೋಡುತ್ತಾನೆ. ನಾನು ಗಾಲ್ಫ್ ಆಡುವುದಿಲ್ಲ ಅನ್ನುತ್ತಾನೆ ಇನ್ಸ್‌ಪೆಕ್ಟರ್.

ಇಲ್ಲಿ ನಿಮ್ಮ ಮಗಳು ಒಂದು ಲೆಕ್ಕ ಹಾಕಿ ನೋಡಲಿ. ಹುಡುಗಿಯರು ಜಾಸ್ತಿ ಕೇಳಿದ್ದು ವಾರಕ್ಕೆ ಎರಡೂವರೆ ಶಿಲಿಂಗ್. ಮುಂದೆ ಇವಾಳಿಗೆ ಕೊಡಲು ಎರಿಕ್ ಅಪ್ಪನ ಆಫೀಸಿನಿಂದ ಕದಿಯುವುದು ಸುಮಾರು ಐವತ್ತು ಪೌಂಡ್. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ ಇಪ್ಪತ್ತು ಶಿಲಿಂಗ್, ಅಂದರೆ ಸಾವಿರ ಶಿಲಿಂಗ್. ಇವಾ ಒಬ್ಬಳಿಗೆ ಆ ಹೆಚ್ಚುವರಿ ಕೂಲಿ ಕೊಟ್ಟಿದ್ದರೆ ಆ ಹಣ 400 ವಾರ ಬರುತ್ತಿತ್ತು. ಏಳೂವರೆ ವರ್ಷಕ್ಕೂ ಜಾಸ್ತಿ. ಅಪ್ಪ ಉಳಿಸಿದ್ದು ಮಗನ ಕೈಯಿಂದ ಸೋರಿಹೋಯಿತು, ಅದೂ ಅದೇ ಹುಡುಗಿಯ ಹೆಸರಿನಲ್ಲಿ. ಅವಳೋ, ಕದ್ದ ದುಡ್ಡು ಅಂತ ತಿಳಿದ ತಕ್ಷಣ ಬೇಡ ಅಂದಳು. ಕೊನೆಗೆ ಬರ್ಲಿಂಗ್ ಸಾವಿರಾರು ಪೌಂಡ್ ಬೇಕಾದರೂ ಕೊಡುತ್ತೇನೆ ಅನ್ನುವಾಗ, ತಪ್ಪು ಹೊತ್ತಿನಲ್ಲಿ ಕೊಡುತ್ತಿದ್ದೀಯ ಅಂತ ಇನ್ಸ್‌ಪೆಕ್ಟರ್ ಉತ್ತರಿಸುತ್ತಾನೆ. ಭಾಷಣಕ್ಕಿಂತ ಈ ಲೆಕ್ಕ ಹೆಚ್ಚು ಮಾತಾಡುತ್ತದೆ ಅಂತ ನನಗನಿಸುತ್ತದೆ.

ಶೀಲಾಳದು ಸಣ್ಣ ಘಟನೆ. ಮಿಲ್ವರ್ಡ್ಸ್ ಅಂಗಡಿಯಲ್ಲಿ ಒಂದು ಉಡುಪು ಹಾಕಿ ನೋಡುತ್ತಾಳೆ, ಅವಳಿಗೆ ಒಪ್ಪುವುದಿಲ್ಲ. ಅಲ್ಲಿ ಕೆಲಸಕ್ಕಿದ್ದ ಇವಾ ಮುಗುಳ್ನಕ್ಕದ್ದು ಕಣ್ಣಿಗೆ ಬೀಳುತ್ತದೆ. ಇವಳನ್ನು ತೆಗೆಯದಿದ್ದರೆ ನಾನು ಇಲ್ಲಿಗೆ ಕಾಲಿಡುವುದಿಲ್ಲ, ಅಮ್ಮನ ಖಾತೆಯನ್ನೂ ಮುಚ್ಚಿಸುತ್ತೇನೆ ಅಂತ ಮ್ಯಾನೇಜರ್‌ಗೆ ಹೇಳಿ ಬರುತ್ತಾಳೆ. ಅಷ್ಟೇ. ಒಂದು ಮಧ್ಯಾಹ್ನದ ಸಿಟ್ಟು ಇನ್ನೊಬ್ಬಳ ಅನ್ನ ಕಿತ್ತುಕೊಂಡಿತು. ಇವತ್ತು ನಾವು ಫೋನಿನಲ್ಲೇ ಡೆಲಿವರಿ ಹುಡುಗನಿಗೆ ಒಂದು ನಕ್ಷತ್ರ ಕೊಟ್ಟು ಮರೆತುಬಿಡುತ್ತೇವಲ್ಲ, ಆ ಜಾತಿಯದು. ಐದು ಜನರಲ್ಲಿ ಮೊದಲು ಅರ್ಥ ಮಾಡಿಕೊಳ್ಳುವವಳೂ ಇವಳೇ. ಅವರು ಅಗ್ಗದ ಕೂಲಿಗಳಲ್ಲ, ಮನುಷ್ಯರು ಅಂತ ಅಪ್ಪನಿಗೆ ಹೇಳುತ್ತಾಳೆ. ಇದನ್ನು ಹೇಳುವಾಗ ಅವಳ ತಪ್ಪು ಇನ್ನೂ ಹೊರಬಿದ್ದಿರುವುದಿಲ್ಲ ಅನ್ನುವುದನ್ನು ಗಮನಿಸಿ. ಬೇರೆಯವರ ತಪ್ಪಿಗೆ ಮರುಗುವುದು ಸುಲಭ. ತನ್ನ ಬುಡಕ್ಕೆ ಬಂದಾಗಲೂ ಅವಳು ಹಿಂದೆ ಸರಿಯಲಿಲ್ಲ, ಅದು ಅವಳ ದೊಡ್ಡತನ.

ನಾಟಕ ಕಟ್ಟಿದ ಜಾಣ್ಮೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಸಿಬಿಲ್‌ಳ ಭಾಗದಲ್ಲಿ. ಕಾಲಕ್ರಮದಲ್ಲಿ ನೋಡಿದರೆ ಇವಾಳನ್ನು ಎರಿಕ್ ಭೇಟಿಯಾದದ್ದು 1911ರ ನವೆಂಬರ್‌ನಲ್ಲಿ. ಗರ್ಭಿಣಿಯಾದ ಅವಳು ಸಿಬಿಲ್‌ಳ ಸಂಸ್ಥೆಗೆ ಸಹಾಯ ಕೇಳಿ ಬಂದದ್ದು ಆಮೇಲೆ, ಸಾಯುವುದಕ್ಕೆ ಎರಡು ವಾರ ಮುಂಚೆ. ಸಹಾಯ ಸಿಗದ ಹಾಗೆ ಮಾಡಿದವಳು ಸಿಬಿಲ್. ಆದರೆ ವಿಚಾರಣೆಯಲ್ಲಿ ಪ್ರೀಸ್ಟ್ಲಿ ಈ ಸರದಿ ತಿರುಗಿಸುತ್ತಾನೆ. ತಾಯಿಯನ್ನು ಮೊದಲು ಕೂರಿಸುತ್ತಾನೆ, ಮಗನನ್ನು ಕೊನೆಗೆ. ಮಗ ಆಗ ಮನೆಯಲ್ಲೇ ಇಲ್ಲ. ಹುಡುಗಿಯ ಹೊಟ್ಟೆಯಲ್ಲಿದ್ದದ್ದು ತನ್ನ ಮಗನದೇ ಮಗು ಅಂತ ತಿಳಿಯದ ಸಿಬಿಲ್ ಸ್ವಲ್ಪವೂ ಅಳುಕದೆ ಹೇಳುತ್ತಾಳೆ: ನನ್ನದೇನೂ ತಪ್ಪಿಲ್ಲ, ಹೊಣೆ ಆ ಮಗುವಿನ ಅಪ್ಪನದು, ಅವನನ್ನು ಹಿಡಿದು ಎಲ್ಲರ ಎದುರು ತಪ್ಪೊಪ್ಪಿಸಿ. ಅಪ್ಪನ ಹೊಣೆಯ ಬಗ್ಗೆ ಅವಳು ಹೇಳಿದ್ದರಲ್ಲಿ ಏನೂ ಸುಳ್ಳಿಲ್ಲ. ಹೊಣೆ ಅಂದರೆ ಏನು ಅಂತ ಅವಳಿಗೆ ಚೆನ್ನಾಗಿಯೇ ಗೊತ್ತು. ಅದು ತನ್ನ ಹೊಸಿಲಿನ ಆಚೆ ಇರುವವರಿಗೆ ಮಾತ್ರ ಅಂದುಕೊಂಡಿದ್ದಾಳೆ, ಅಷ್ಟೆ. ಶೀಲಾಗೆ ಮೊದಲೇ ಹೊಳೆಯುತ್ತದೆ, ಅಮ್ಮಾ ಸಾಕು ನಿಲ್ಲಿಸು ಅಂತ ಬೇಡುತ್ತಾಳೆ. ಅಮ್ಮ ನಿಲ್ಲಿಸುವುದಿಲ್ಲ. ಎರಡನೇ ಅಂಕದ ಕೊನೆಗೆ ಎರಿಕ್ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಹೊಣೆಗಾರಿಕೆಯ ಬಗ್ಗೆ ಒಂದು ಪ್ರಬಂಧ ಹೇಳಲಾಗದ್ದನ್ನು ಈ ಸರದಿ ಬದಲಾವಣೆ ಒಂದೇ ಹೇಳಿಬಿಡುತ್ತದೆ.

ಆ ಕಾಲದ ಹಿನ್ನೆಲೆಯನ್ನೂ ಮಗಳು ಒಂದು ಸಾಲು ಸೇರಿಸಲಿ. 1912ರಲ್ಲಿ ಮದುವೆಯಾಗದ, ಕೆಲಸವಿಲ್ಲದ ಬಸುರಿ ಹುಡುಗಿಗೆ ಹೆಚ್ಚುಕಮ್ಮಿ ಎರಡೇ ದಾರಿ. ಒಂದು ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರನ್ನು ಇಟ್ಟುಕೊಂಡು ಕೆಲಸ ಮಾಡಿಸುತ್ತಿದ್ದ ಬಡವರ ಮನೆ, ಇನ್ನೊಂದು ಸಿಬಿಲ್‌ನಂಥವರ ಧರ್ಮಸಂಸ್ಥೆ. ಇಂಗ್ಲೆಂಡಿನಲ್ಲಿ ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆ ಬಂದದ್ದು 1948ರಲ್ಲಿ. ನಾಟಕ ಬರೆಯುವ ಹೊತ್ತಿಗೆ ಅದೆಲ್ಲ ಬರೀ ವಾಗ್ದಾನವಾಗಿತ್ತು. ಬೇಡಿದವರಿಗೆ ಸಹಾಯ ಸಿಗುವುದು ಕೊಡುವವರ ಮರ್ಜಿಯೋ, ಬೇಡುವವರ ಹಕ್ಕೋ ಅನ್ನುವುದು 1945ರ ಬ್ರಿಟನ್ನಿನ ಬಿಸಿ ಪ್ರಶ್ನೆ. ಸಿಬಿಲ್‌ಳ ದೃಶ್ಯ ಆ ಜಗಳದ ನಡುವೆ ಬಿದ್ದ ನಾಟಕ.

ಇನ್ನು ದೂರು. ನಿಮ್ಮ ಅಸಮಾಧಾನ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಇವಾ ಸ್ಮಿತ್ ರಂಗದ ಮೇಲೆ ಬರುವುದೇ ಇಲ್ಲ. ಅವಳ ಮಾತು ನಮಗೆ ಕೇಳುವುದಿಲ್ಲ, ಬೇರೆಯವರು ಹೇಳಿದ್ದಷ್ಟೇ. ಕದ್ದ ದುಡ್ಡು ಮುಟ್ಟುವುದಿಲ್ಲ, ಪ್ರೀತಿಯಿಲ್ಲದ ಮದುವೆ ಬೇಡ, ಯಾರ ಮೇಲೂ ದೂರಿಲ್ಲ. ಇಷ್ಟು ಒಳ್ಳೆಯವಳಾಗಿರಬೇಕಿತ್ತೇ? ಸ್ವಲ್ಪ ಜಗಳಗಂಟಿ, ಸ್ವಲ್ಪ ಸ್ವಾರ್ಥಿ ಆಗಿದ್ದರೆ ಅವಳ ಸಾವಿಗೆ ಹೊಣೆ ಕಡಿಮೆಯಾಗುತ್ತಿತ್ತೇ? ಪ್ರೀಸ್ಟ್ಲಿ ಆ ಕಷ್ಟದ ಪ್ರಶ್ನೆಗೆ ಕೈ ಹಾಕಲಿಲ್ಲ, ಇದು ನಾಟಕದ ದೌರ್ಬಲ್ಯ ಅಂತಲೇ ನನ್ನ ಅಭಿಪ್ರಾಯ. ಇನ್ನೊಂದು ಕೊರತೆಯೂ ಇದೆ. ಐದೂ ಜನ ಸೇರಿ ಕೊಂದಿರಿ ಅಂದುಬಿಟ್ಟರೆ ತಪ್ಪುಗಳೆಲ್ಲ ಒಂದೇ ತೂಕ ಅನ್ನಿಸಿಬಿಡುತ್ತದೆ. ಅಂಗಡಿಯಲ್ಲಿ ಸಿಟ್ಟಾದವಳೂ, ಕುಡಿದು ಬಲವಂತವಾಗಿ ಹುಡುಗಿಯ ಮನೆಗೆ ನುಗ್ಗಿದವನೂ ಒಂದೇನಾ? ಎರಿಕ್ ಮಾಡಿದ್ದು ಅತ್ಯಾಚಾರ. ಅವನ ಪಶ್ಚಾತ್ತಾಪ ನಿಜ ಅಂತ ನಾವು ಅದನ್ನು ಬೇಗ ಮರೆತುಬಿಡುತ್ತೇವೆ. ಇದನ್ನೆಲ್ಲ ಮಗಳು ಧೈರ್ಯವಾಗಿ ಬರೆಯಲಿ. ಒಪ್ಪಿಗೆಯ ಪ್ರಬಂಧಕ್ಕಿಂತ ವಾದ ಮಾಡುವ ಪ್ರಬಂಧ ಯಾವಾಗಲೂ ಚೆನ್ನ.

ಹಾಗೇ ಎಡ್ನಾಳನ್ನು ನೋಡಲು ಹೇಳಿ. ಆ ಮನೆಯ ಕೆಲಸದವಳು. ಇನ್ಸ್‌ಪೆಕ್ಟರ್ ಬಂದಿದ್ದಾರೆ ಅಂತ ಹೇಳುವವಳೇ ಅವಳು. ಅವಳಿಗೆ ಇರುವುದು ಬೆರಳೆಣಿಕೆಯ ಮಾತು. ಇಡೀ ರಾತ್ರಿ ಇವರು ಸತ್ತ ಕೂಲಿ ಹುಡುಗಿಯ ಬಗ್ಗೆ ಮಾತಾಡುತ್ತಾರೆ, ಅದೇ ವರ್ಗದ ಜೀವಂತ ಹುಡುಗಿ ಪಕ್ಕದಲ್ಲೇ ತಟ್ಟೆ ಎತ್ತುತ್ತಿರುತ್ತಾಳೆ. ಶೀಲಾ ಕೂಡ ಅವಳ ಕಡೆ ತಿರುಗಿ ನೋಡುವುದಿಲ್ಲ. ಪ್ರೀಸ್ಟ್ಲಿ ಬೇಕೆಂದೇ ಹೀಗೆ ಮಾಡಿದನೋ ಇಲ್ಲವೋ, ಒಳ್ಳೆಯ ನಿರ್ದೇಶಕರು ಇದನ್ನು ಬಿಡುವುದಿಲ್ಲ. 1992ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಸ್ಟೀಫನ್ ಡಾಲ್ಡ್ರಿ ಮಾಡಿಸಿದ ಪ್ರಯೋಗದಲ್ಲಿ ಬರ್ಲಿಂಗ್ ಮನೆ ಕಂಬಗಳ ಮೇಲೆ ಎತ್ತರದಲ್ಲಿ ನಿಂತಿರುತ್ತದೆ. ಕೆಳಗೆ ಮಳೆ ಬಿದ್ದ ಬೀದಿ. ವಿಚಾರಣೆಗೆ ಅವರು ಒಬ್ಬೊಬ್ಬರಾಗಿ ಬೀದಿಗೆ ಇಳಿದು ಬರಬೇಕು. 1940ರ ದಶಕದ ಬಟ್ಟೆ ತೊಟ್ಟ ಜನ ಸುಮ್ನೆ ನಿಂತು ನೋಡುತ್ತಿರುತ್ತಾರೆ. ಕೊನೆಯ ಹೊತ್ತಿಗೆ ಮನೆಯೇ ವಾಲಿ, ಪಿಂಗಾಣಿ ಸಾಮಾನೆಲ್ಲ ಚೂರಾಗುತ್ತದೆ. ಹಳೇ ಕಾಲದ ಡ್ರಾಯಿಂಗ್ ರೂಮ್ ನಾಟಕ ಅನ್ನುವ ಹಣೆಪಟ್ಟಿ ಅದರಿಂದ ಕಳಚಿತು. ಎಲ್ಲಾದರೂ ಈ ಪ್ರಯೋಗ ನೋಡಲು ಸಿಕ್ಕರೆ ಕರೆದುಕೊಂಡು ಹೋಗಿ.

ಈಗ ಆ ಕೊನೆಯ ಭಾಗ. ಇನ್ಸ್‌ಪೆಕ್ಟರ್ ಹೋದ. ಅವನು ಪೊಲೀಸಲ್ಲ ಅಂತ ಜೆರಾಲ್ಡ್ ಪತ್ತೆ ಹಚ್ಚುತ್ತಾನೆ. ಒಂದೇ ಹುಡುಗಿ ಅನ್ನುವುದಕ್ಕೆ ಪುರಾವೆ ಏನು, ಫೋಟೋವನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿದ, ಬೇರೆ ಬೇರೆ ಫೋಟೋ ಇರಬಹುದಲ್ಲ ಅನ್ನುತ್ತಾನೆ. ಬರ್ಲಿಂಗ್‌ಗೆ ಹೋದ ಜೀವ ಬಂದಂತಾಗುತ್ತದೆ. ಅವನ ಚಿಂತೆ ಮೊದಲಿನಿಂದಲೂ ಒಂದೇ, ಹಗರಣವಾದರೆ ‘ಸರ್’ ಬಿರುದು ತಪ್ಪಿಹೋಗುತ್ತದೆ ಅಂತ. ಸಾವು ಆಗಿಲ್ಲ ಅಂದ ಮೇಲೆ ಎಲ್ಲ ತಮಾಷೆಯಾಗಿ ಕಾಣುತ್ತದೆ. ಎರಿಕ್ ಮತ್ತು ಶೀಲಾ ಮಾತ್ರ ಒಪ್ಪುವುದಿಲ್ಲ. ಬಂದವನು ಯಾರಾದರೇನು, ನಾವು ಮಾಡಿದ್ದು ಮಾಡಿದ್ದೇ ಅಲ್ವಾ ಅನ್ನುತ್ತಾರೆ. ಶಿಕ್ಷೆಯ ಭಯ ಹೋದ ಮೇಲೂ ಉಳಿಯುವುದು ಹೊಣೆ, ಭಯದ ಜೊತೆಗೇ ಹೋಗಿಬಿಡುವುದು ಬೇರೆ ಏನೋ. ಪ್ರೀಸ್ಟ್ಲಿ ಎರಡನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸಿದ್ದಾನೆ.

ಜೆರಾಲ್ಡ್‌ನ ವಾದವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಿ. ಅವನು ಹೇಳಿದ ಹಾಗೆ ಒಬ್ಬಳಲ್ಲ, ಐದು ಬೇರೆ ಬೇರೆ ಹುಡುಗಿಯರು ಅಂತಲೇ ಇಟ್ಟುಕೊಳ್ಳೋಣ. ಆಗ ಏನಾಯಿತು? ಒಬ್ಬಳ ಬದಲು ಐವರಿಗೆ ಅನ್ಯಾಯ ಆಯಿತು. ತಪ್ಪಿಸಿಕೊಳ್ಳಲು ತೆಗೆದ ಬಾಗಿಲು ಇನ್ನೂ ದೊಡ್ಡ ಕೋಣೆಗೆ ಹೋಯಿತು. ಲಕ್ಷಾಂತರ ಇವಾ ಸ್ಮಿತ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ ಅಂತ ಇನ್ಸ್‌ಪೆಕ್ಟರ್ ಹೇಳಿದ್ದನ್ನು ಜೆರಾಲ್ಡ್ ತನಗೇ ಗೊತ್ತಿಲ್ಲದೆ ಸಾಬೀತು ಮಾಡುತ್ತಾನೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರೇಕ್ಷಕರಿಗೆ ಬಿಟ್ಟದ್ದು. ಭಾಷಣದ ನಾಟಕ ಅಂತ ಬೈಯುವಾಗ ಇಂಥ ಜಾಗಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಯಾವ ಪಾತ್ರ ಅಂತ ಕೇಳಿದರೆ ನಾನು ಜೆರಾಲ್ಡ್ ಅನ್ನುತ್ತೇನೆ. ಮಕ್ಕಳೆಲ್ಲ ಶೀಲಾಳನ್ನೋ ಇನ್ಸ್‌ಪೆಕ್ಟರನನ್ನೋ ಹಿಡಿಯುತ್ತಾರೆ. ಅವು ಸುಲಭ. ಜೆರಾಲ್ಡ್ ಹಾಗಲ್ಲ. ಬಾರಿನಲ್ಲಿ ಒಬ್ಬ ದೊಡ್ಡ ಮನುಷ್ಯ ಆ ಹುಡುಗಿಯ ಮೇಲೆ ಬೀಳುತ್ತಿದ್ದಾಗ ಬಿಡಿಸಿದವನು ಅವನು. ಊಟ ಹಾಕಿದ, ಇರಲು ಜಾಗ ಕೊಟ್ಟ, ಕೆಲವು ತಿಂಗಳು ಅವಳು ಸುಖವಾಗಿದ್ದಳು. ಅವಳ ಸಾವಿನ ಸುದ್ದಿ ಕೇಳಿ ಅವನು ನಿಜವಾಗಿಯೂ ಕುಗ್ಗುತ್ತಾನೆ. ಆದರೂ ಅನುಕೂಲ ಮುಗಿದಾಗ ಕೈಬಿಟ್ಟವನೂ ಅವನೇ. ಐದು ಜನರಲ್ಲಿ ಅತಿ ದಯೆ ತೋರಿಸಿದವನು ಯಾಕೆ ಕೊನೆಗೆ ಬರ್ಲಿಂಗ್ ಪಕ್ಕ ನಿಂತ? ವಯಸ್ಸು ಸುಮಾರು ಮೂವತ್ತು. ಹಿರಿಯರಿಗೂ ಕಿರಿಯರಿಗೂ ನಡುವೆ ಅವನದು, ಯಾವ ಕಡೆಗಾದರೂ ವಾಲಬಹುದಿತ್ತು. ಒಳ್ಳೆ ಮನಸ್ಸು ಇದ್ದ ಮಾತ್ರಕ್ಕೆ ಹೊಣೆ ಬರುವುದಿಲ್ಲ ಅನ್ನುವುದಕ್ಕೆ ಅವನಿಗಿಂತ ಒಳ್ಳೆ ಉದಾಹರಣೆ ಈ ನಾಟಕದಲ್ಲಿಲ್ಲ. ಕೊನೆಯಲ್ಲಿ ಅವನು, ಶೀಲಾ ವಾಪಸ್ ಕೊಟ್ಟಿದ್ದ ನಿಶ್ಚಿತಾರ್ಥದ ಉಂಗುರ ಹಿಡಿದು, ಈಗ ಎಲ್ಲ ಸರಿಹೋಯಿತಲ್ಲ ಶೀಲಾ, ಉಂಗುರ ತೊಡುತ್ತೀಯಾ ಅಂತ ಕೇಳುತ್ತಾನೆ. ಈಗಲೇ ಬೇಡ, ಯೋಚಿಸಬೇಕು ಅನ್ನುತ್ತಾಳೆ ಅವಳು. ಮಗಳು ಪ್ರಬಂಧವನ್ನು ಆ ಉಂಗುರದಿಂದಲೇ ಶುರು ಮಾಡಬಹುದು. ಎರಡನೇ ಅಂಕದಲ್ಲಿ ಜೆರಾಲ್ಡ್ ತನ್ನ ಕಥೆ ಹೇಳುವ ಭಾಗವನ್ನು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಹೋಲಿಸಿದರೆ ಎರಡು ಪುಟಕ್ಕೆ ಬೇಕಾದಷ್ಟು ಸರಕು ಸಿಗುತ್ತದೆ.